ಮುಂಜಾನೆ ಎಷ್ಟು ಗಂಟೆಯವರೆಗೆ

ನಮ್ಮ ಲ್ಯಾಬಿನ ಶಟರ್ ಎತ್ತುವ ಮೊದಲೇ ಒಳಗೆ ಫೋನ್ ಹೊಡೆದುಕೊಳ್ಳುತ್ತಿರುತ್ತದೆ. ಬೇರೆ ಯಾರಾದರೂ ಆಗಿದ್ದರೆ ಆ ಸದ್ದಿಗೆ ಗಾಬರಿಯಾಗಿ ಚೀಲದಲ್ಲಿ ಬೀಗದ ಕೈ ತಡಕಾಡುತ್ತಿದ್ದರೇನೋ. ನಾನು ತಡಕಾಡುವುದಿಲ್ಲ. ಬೀಗದ ಕೈ ಚೀಲದ ಎಡಗಡೆಯ ಜೇಬಿನಲ್ಲಿರುತ್ತದೆ, ಕನ್ನಡಕ ಬಲಗಡೆ. ನರ್ಸಿಂಗ್ ಕಲಿಯಲು ಹಾಸ್ಟೆಲ್ ಸೇರಿದ ದಿನದಿಂದ ನನ್ನ ವಸ್ತುಗಳು ಜಾಗ ಬದಲಿಸಿಲ್ಲ. ಅಲ್ಲಿಯ ವಾರ್ಡನ್ ಹಾಸಿಗೆಯ ಚಾದರದ ಮೂಲೆಯನ್ನು ಬೆರಳಿನಿಂದ ಎಳೆದು ನೋಡುತ್ತಿದ್ದರು. ಸಡಿಲವಾಗಿದ್ದರೆ ಇಡೀ ಹಾಸಿಗೆಯನ್ನು ಕಿತ್ತು ಮತ್ತೆ ಹಾಸಬೇಕು. ಆಗ ಅಳು ಬರುತ್ತಿತ್ತು. ಆಮೇಲೆ ವಾರ್ಡುಗಳಲ್ಲಿ ಎಂಥೆಂಥ ದಿನಗಳು ಬಂದರೂ ನಾನು ನಿಂತದ್ದು ಆ ಮೂಲೆಗಳನ್ನು ಹಿಡಿದುಕೊಂಡೇ.

ನಿವೃತ್ತಿಯ ನಂತರ ಗೋವಿಂದರಾಜನಗರದ ಮನೆಯಲ್ಲಿ ಕೂತಾಗ ಸ್ವಲ್ಪ ದಿನದಲ್ಲೇ ಅಡುಗೆಮನೆಯ ಎಲ್ಲ ಡಬ್ಬಿಗಳಿಗೂ ಹೆಸರಿನ ಚೀಟಿ ಅಂಟಿಸಿ ಮುಗಿಸಿದ್ದೆ. ಇನ್ನು ಅಂಟಿಸಲು ಮನೆಯವರು ಮಾತ್ರ ಉಳಿದಿದ್ದಾರೆ ಎಂದು ಸೊಸೆ ನಕ್ಕಳು. ಹಿಂದೆ ನಮ್ಮ ಆಸ್ಪತ್ರೆಯಲ್ಲಿ ಕಲಿತ ಒಬ್ಬ ಡಾಕ್ಟರು ವಿಜಯನಗರದಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ತೆರೆದಿದ್ದರು. ಅದೇ ಸಮಯಕ್ಕೆ ಸರಿಯಾಗಿ ಅವರು ಬಂದು, "ಸಿಸ್ಟರ್, ನಮ್ಮ ಹೋಂ ಕಲೆಕ್ಷನ್ ತುಂಬಾ ಗೊಂದಲ ಆಗಿದೆ, ನೀವು ಬಂದು ಒಂದು ದಾರಿಗೆ ತಂದ್ಕೊಡಿ," ಎಂದರು. ಮರುದಿನವೇ ಹೋದೆ.

ಮನೆಗೇ ಹೋಗಿ ರಕ್ತ ತೆಗೆದುಕೊಂಡು ಬರುವುದು ಅಲ್ಲಿಯ ಮುಖ್ಯ ಕೆಲಸ. ಜನ ಫೋನ್ ಮಾಡುತ್ತಾರೆ, ಫೋನಿನಲ್ಲಿ ಕೂತವರು ಸಮಯ ಕೊಡುತ್ತಾರೆ, ನಮ್ಮವರು ಗಾಡಿಯಲ್ಲಿ ಹೋಗುತ್ತಾರೆ. ಹೇಳಲು ಸುಲಭ. ಆದರೆ ಸಕ್ಕರೆ ನೋಡಿಸುವವರು ಖಾಲಿ ಹೊಟ್ಟೆಯಲ್ಲಿ ಕಾಯುತ್ತಿರುತ್ತಾರೆ. ಕಾಫಿ ಕೂಡ ಕುಡಿಯದ ಮನುಷ್ಯನ ಜೊತೆ ಫೋನಿನಲ್ಲಿ ಮಾತಾಡುವುದು ಎಂಥ ಕೆಲಸವೆಂದು ಒಂದು ವಾರ ಕೂತು ನೋಡಿದವರಿಗೇ ಗೊತ್ತು. ಹತ್ತು ನಿಮಿಷ ತಡವಾದರೆ ಬೈಗುಳ. ಹತ್ತು ನಿಮಿಷ ಬೇಗ ಹೋದರೂ ಬೈಗುಳ: ಇನ್ನೂ ಸ್ನಾನ ಆಗಿಲ್ಲ, ಆಗಲೇ ಬೆಲ್ ಮಾಡ್ತೀರಲ್ಲ ಎಂದು.

ಬೈಸಿಕೊಂಡದ್ದನ್ನು ಅರಗಿಸಿಕೊಳ್ಳಲು ಒಬ್ಬೊಬ್ಬರಿಗೆ ಒಂದೊಂದು ದಾರಿ ಇತ್ತು. ನಾನು ಟ್ಯೂಬುಗಳ ಸ್ಟ್ಯಾಂಡ್ ಜೋಡಿಸಲು ಕೂರುತ್ತಿದ್ದೆ. ಕೆಂಪು ಮುಚ್ಚಳದವು ಒಂದು ಸಾಲು, ನೇರಳೆ ಒಂದು ಸಾಲು, ಸಕ್ಕರೆಯ ಬೂದು ಮುಚ್ಚಳದವು ಒಂದು ಸಾಲು. ಸಾಲು ನೇರವಾಗುವ ಹೊತ್ತಿಗೆ ಉಸಿರೂ ನೇರವಾಗುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕೆಲವು ದಿನ ಅದರ ಗಾಜು ಸವೆದುಹೋಗುತ್ತದೇನೋ ಅನ್ನಿಸುತ್ತಿತ್ತು. ರಕ್ತ ತೆಗೆಯಲು ಹೋಗುವವರಲ್ಲಿ ಹಿರಿಯ ಸುಂಕದಕಟ್ಟೆಯವನು, ನಲವತ್ತು ದಾಟಿದ ಮನುಷ್ಯ. ಹೆಲ್ಮೆಟ್ ತೆಗೆಯುತ್ತಲೇ ಶುರು ಮಾಡುತ್ತಿದ್ದ. "ಮೇಡಂ, ಇವತ್ತು ರಾಜಾಜಿನಗರದಲ್ಲಿ ಒಬ್ರು ನನ್ನ ರಕ್ತಾನೇ ಕುಡಿದ್ಬಿಟ್ರು. ಸೂಜಿ ಇಲ್ಲ, ಟ್ಯೂಬ್ ಇಲ್ಲ, ಬರೀ ಬಾಯಲ್ಲೇ." ಹೇಳಿ ಮುಗಿಸುವಾಗ ಅವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅಲ್ಲಿಗೆ ಆ ಮನೆಯ ಕಥೆ ಮುಗಿಯಿತು. ಮುಂದಿನ ಮನೆಗೆ ಹೊಸದಾಗಿ ಹೋಗುತ್ತಿದ್ದ.

ಫೋನಿನಲ್ಲಿ ಕೂರುತ್ತಿದ್ದವಳು ಗದಗದ ಕಡೆಯ ಹುಡುಗಿ. ಬೆಂಗಳೂರಿಗೆ ಬಂದು ಅನ್ನಪೂರ್ಣೇಶ್ವರಿ ನಗರದ ಒಂದು ಪಿ.ಜಿ.ಯಲ್ಲಿದ್ದಳು. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ಇನ್ನೂ ಕಾಯಂ ಆಗಿರಲಿಲ್ಲ. ಅವಳು ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ಏನಾದರೊಂದು ಕೇಳುತ್ತಿದ್ದಳು. "ಹೌದ್ರೀ, ತಪ್ಪಾತ್ರಿ. ಅಜ್ಜಾರಿಗೆ ಈಗ ಹೆಂಗೈತ್ರಿ?" ಆ ಕಡೆಯವರು ಬೈಯುವುದನ್ನು ಬಿಟ್ಟು ಅಜ್ಜನ ಮೊಣಕಾಲು, ಮಹಡಿ ಮೆಟ್ಟಿಲು, ಕಚ್ಚುವ ನಾಯಿ, ಕೆಟ್ಟ ಕಾಲಿಂಗ್ ಬೆಲ್ ಎಲ್ಲ ಹೇಳುತ್ತಿದ್ದರು. ಮಾತು ಉದ್ದವಾಗುತ್ತಿತ್ತು. ನನಗೆ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಒಂದು ಫೋನಿಗೆ ಇಷ್ಟು ಹೊತ್ತು ಎಂಬ ಲೆಕ್ಕ ನನ್ನ ತಲೆಯಲ್ಲಿ ಯಾವಾಗಲೂ ಓಡುತ್ತಿರುತ್ತದೆ.

ಹೋದ ವರ್ಷ ಚಳಿಗಾಲದ ಒಂದು ಸೋಮವಾರ ಅವಳು ಮುಖ ಬಿಳಿಚಿಕೊಂಡು ರಿಸೀವರನ್ನು ನನ್ನ ಕಡೆ ಚಾಚಿದಳು. "ಮೇಡಂ, ನೀವ ಮಾತಾಡ್ರಿ."

ಬಸವೇಶ್ವರನಗರದ ಒಬ್ಬ ಹೆಂಗಸು. ನನಗಿಂತ ಹಿರಿಯ ದನಿ.

"ನಿನ್ನೆ ಫೋನ್ ತಗೊಂಡೋಳು ಯಾರಮ್ಮ? ಮುಂಜಾನೆ ಬರ್ತಾರೆ, ಏನೂ ತಿನ್ಬೇಡಿ ಅಂದ್ಲು. ನಮ್ಮ ಯಜಮಾನ್ರು ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ಬಾಗಿಲು ತೆಗೆದು ಕುರ್ಚಿ ಹಾಕ್ಕೊಂಡು ಕೂತ್ರು. ಎಂಟೂವರೆ ಆಯ್ತು, ಒಂದು ಪ್ರಾಣೀನೂ ಬಂದಿಲ್ಲ. ಸಕ್ಕರೆ ಕಾಯಿಲೆಯವರು. ಮೈಯೆಲ್ಲಾ ಬೆವರು, ಕೈ ನಡುಗ್ತಿದೆ. ಮುಂಜಾನೆ ಅಂದ್ರೆ ನಿಮ್ಮಲ್ಲಿ ಯಾವಾಗ?"

ನಾನು ಮೊದಲು ಮಾಡಬೇಕಾದದ್ದನ್ನು ಹೇಳಿದೆ: ಟೆಸ್ಟ್ ಇವತ್ತು ಬೇಡ, ಅರ್ಧ ಲೋಟ ನೀರಿಗೆ ಸಕ್ಕರೆ ಕಲಸಿ ಈಗಲೇ ಕುಡಿಸಿ, ಆಮೇಲೆ ತಿಂಡಿ ಕೊಡಿ, ಫೋನ್ ಇಡಬೇಡಿ. ಅಷ್ಟರಲ್ಲಿ ಸುಂಕದಕಟ್ಟೆಯವನು ಅವರ ಬಾಗಿಲು ಮುಟ್ಟಿದ್ದ. ಅವನಿಗೆ ಕೊಟ್ಟಿದ್ದ ಸಮಯವೇ ಎಂಟೂವರೆ. ಅವನು ತಡ ಮಾಡಿರಲಿಲ್ಲ. ಅವನು ಅಲ್ಲೇ ಕೂತು, ಬೆರಳು ಚುಚ್ಚಿ ಸಕ್ಕರೆ ನೋಡಿ, ಮತ್ತೊಮ್ಮೆ ನೋಡಿ, ಹಿರಿಯರು ಇಡ್ಲಿ ತಿಂದು ಗಟ್ಟಿಯಾಗಿ ಮಾತಾಡುವವರೆಗೆ ಎದ್ದು ಬರಲಿಲ್ಲ. ಬಂದ ಮೇಲೆ ನಗಿಸಲೂ ಇಲ್ಲ. ಅವನು ನಗಿಸದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ದಿನ.

"ನಾ ಮುಂಜಾನೆ ಅಂದಿದ್ದು ಖರೇರಿ," ಎಂದಳು ಹುಡುಗಿ. "ನಮ್ಮ ಕಡೆ ನಾಷ್ಟಾ ಮಾಡೂದ ಮುಂಜಾನೆ, ಸಾಲಿಗೆ ಹೋಗೂದ ಮುಂಜಾನೆ. ಇಲ್ಲೆ ಹಂಗಲ್ಲಂತ ನನಗ ಗೊತ್ತಿದ್ದಿಲ್ರಿ."

ನಮಗೆ ಇಲ್ಲಿ ಮುಂಜಾನೆ ಎಂದರೆ ಕೋಳಿ ಕೂಗುವ ಹೊತ್ತು. ಬೆಳಕು ಹರಿದ ಮೇಲೆ ಅದು ಬೆಳಿಗ್ಗೆ. ಎರಡೂ ಕನ್ನಡವೇ, ಇಬ್ಬರೂ ಸರಿಯಾಗಿಯೇ ಮಾತಾಡಿದ್ದರು, ಮಧ್ಯದಲ್ಲಿ ಒಬ್ಬ ಹಿರಿಯರು ನಾಲ್ಕು ಗಂಟೆ ಹಸಿದು ಕೂತಿದ್ದರು.

ಡಾಕ್ಟರು ನನ್ನನ್ನು ಒಳಗೆ ಕರೆದರು. ಕನ್ನಡಕ ಕೈಯಲ್ಲಿತ್ತು. "ಸಿಸ್ಟರ್, ಫೋನಿಗೆ ಇಲ್ಲಿಯವರೇ ಆಗ್ಬೇಕು. ಅವಳನ್ನ ಒಳಗೆ ಹಾಕಿ, ಟ್ಯೂಬಿಗೆ ಚೀಟಿ ಅಂಟಿಸ್ಲಿ."

"ಒಳಗೆ ಆಗಲೇ ಇಬ್ಬರಿದ್ದಾರೆ ಡಾಕ್ಟ್ರೇ."

"ಗೊತ್ತು." ಅವರು ಕನ್ನಡಕ ಹಾಕಿಕೊಂಡರು. "ಶನಿವಾರದೊಳಗೆ ನೀವೇ ಯೋಚನೆ ಮಾಡಿ ಹೇಳಿ. ಇನ್ನೊಂದ್ಸಲ ಹೀಗಾದ್ರೆ ನಾನು ತಡ್ಕೊಳಲ್ಲ."

ಒಳಗೆ ಮೂರನೆಯವರಿಗೆ ಕೆಲಸವಿಲ್ಲ. ಫೋನಿನ ಕುರ್ಚಿ ಹೋದರೆ ಹುಡುಗಿಯ ಕೆಲಸವೇ ಹೋದ ಹಾಗೆ. ನಾನು ಅವಳಿಗೆ ಇದನ್ನು ಮುಚ್ಚಿಡಲಿಲ್ಲ. ಆಸ್ಪತ್ರೆಯಲ್ಲೂ ನಾನು ಮುಚ್ಚಿಟ್ಟು ಮಾತಾಡಿದವಳಲ್ಲ. ಅವಳು ಕೇಳಿಸಿಕೊಂಡು, "ಆತ್ರಿ ಮೇಡಂ," ಎಂದಳಷ್ಟೆ.

ಮಂಗಳವಾರದಿಂದ ಅವಳ ಮಾತೇ ಬೇರೆಯಾಯಿತು. ರೀ ಹೋಯಿತು. ಸುಂಕದಕಟ್ಟೆಯವನ ಬಾಯಿಂದ ಕೇಳಿ ಕಲಿತ ಬೆಂಗಳೂರು ಕನ್ನಡವನ್ನು ಬೇರೆಯವರ ಚಪ್ಪಲಿ ಮೆಟ್ಟಿ ನಡೆದ ಹಾಗೆ ಆಡತೊಡಗಿದಳು. "ಹೇಳಿ ಸಾರ್. ಬರ್ತಾರೆ ಸಾರ್. ಆಯ್ತು ಸಾರ್." ಫೋನ್ ಇಡುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಊಟದ ಡಬ್ಬಿ ತೆರೆಯುತ್ತಿದ್ದಳು, ಫೋನ್ ಹೊಡೆದರೆ ಬೆಚ್ಚಿ ಮುಚ್ಚುತ್ತಿದ್ದಳು, ಮತ್ತೆ ತೆರೆಯುತ್ತಿರಲಿಲ್ಲ. ಮೊದಲ ದಿನ ಮಾತು ಚಿಕ್ಕದಾದದ್ದು ನನಗೆ ಒಳ್ಳೆಯದೇ ಅನ್ನಿಸಿತು. ಎರಡನೆಯ ದಿನ ಅದರ ಬೆಲೆ ತಿಳಿಯಿತು. ಒಬ್ಬರು ಕಾಫಿ ಕುಡಿದೇ ಕೈ ಚಾಚಿದರು, ಏನೂ ಕುಡಿಯಬಾರದೆಂದು ಯಾರೂ ಹೇಳಿರಲಿಲ್ಲ. ಇನ್ನೊಬ್ಬರ ಮನೆ ಹಿಂದಿನ ಓಣಿಯಲ್ಲಿತ್ತು, ಮುಂದಿನ ಬಾಗಿಲು ತಟ್ಟಿ ತಟ್ಟಿ ಕೈ ನೋಯಿತು. ಸುಂಕದಕಟ್ಟೆಯವನು ಪ್ಯಾಂಟಿನ ಅಂಚು ಹರಿದುಕೊಂಡು ಬಂದ.

"ಮೇಡಂ, ನಮ್ ಅಕ್ಕಾರಿಗೆ ಬಾಯಿ ವಾಪಸ್ ಕೊಡ್ಸಿ," ಎಂದ ಹುಡುಗಿಯ ಕಡೆ ಕೈ ತೋರಿಸಿ; ಅವಳದ್ದೇ ಧಾಟಿಯಲ್ಲಿ ಅವಳನ್ನು ಅಕ್ಕಾರ ಎಂದು ಛೇಡಿಸುವುದು ಅವನ ಅಭ್ಯಾಸ. "ಮುಂಚೆ ಯಾವ್ ಮನೇಲಿ ನಾಯಿ ಇದೆ ಅಂತ ಅವ್ರೇ ಹೇಳೋರು. ಈಗ ನಾಯಿನೇ ಹೇಳ್ತಾ ಇದೆ."

ಹುಡುಗಿ ನಗಲಿಲ್ಲ. "ಸಾರಿ ಅಣ್ಣ," ಎಂದಳು.

"ನೋಡಿ, ಬೈಯೋಕೂ ಮನಸಾಗಲ್ಲ. ಜಗಳಕ್ಕಾದ್ರೂ ಬನ್ನಿ ಅಕ್ಕಾರ."

ಆ ಬುಧವಾರ ಮಧ್ಯಾಹ್ನ ಡಾಕ್ಟರ ಸ್ನೇಹಿತೆಯೊಬ್ಬರು ಬಂದರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವರು. ಕೆಲಸದ ಒತ್ತಡದ ಬಗ್ಗೆ ಒಂದು ಗಂಟೆ ಮಾತಾಡಲು ಡಾಕ್ಟರೇ ಮೊದಲೇ ಕರೆದಿದ್ದರಂತೆ. ರೋಗಿಗಳು ಕೂರುವ ಕುರ್ಚಿಗಳನ್ನು ನಾನು ಅರ್ಧ ವೃತ್ತವಾಗಿ ಜೋಡಿಸಿದೆ. ಅವರು ಬಂದು ಅದನ್ನು ಪೂರ್ತಿ ವೃತ್ತ ಮಾಡಿಸಿದರು. ಒಂದು ಗಂಟೆ ಹಾಳಾಯಿತು ಎಂದು ಆಗಲೇ ತೀರ್ಮಾನಿಸಿದೆ.

ಒತ್ತಡ ಬಂದಾಗ ಮನುಷ್ಯ ಹೊರಗಿನ ಉಪಾಯಕ್ಕಿಂತ ತನ್ನ ಸ್ವಭಾವದ ಬಲವನ್ನೇ ಹಿಡಿದು ನಿಲ್ಲುತ್ತಾನೆ ಎಂದರು ಅವರು. ಒಬ್ಬರಿಗೆ ಹಾಸ್ಯ, ಒಬ್ಬರಿಗೆ ದಯೆ, ಒಬ್ಬರಿಗೆ ತಾಳ್ಮೆ. ನಿಮ್ಮ ಬಲ ಯಾವುದು ಹೇಳಿ ಎಂದರು.

"ನನ್ನ ಬಲ ಬೈಸ್ಕೊಳೋದು ಮೇಡಂ," ಎಂದ ಸುಂಕದಕಟ್ಟೆಯವನು. "ಮದುವೆ ಆದಾಗಿಂದ ಪ್ರಾಕ್ಟೀಸ್ ಇದೆ."

ಎಲ್ಲರೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತನ್ನ ಒಳ್ಳೆಯ ಗುಣವನ್ನು ತಾನೇ ಹೇಳಿಕೊಳ್ಳುವುದು ನಮ್ಮ ಜನಕ್ಕೆ ಆಗದ ಕೆಲಸ. ಆ ಹೆಂಗಸು ಜಾಣೆ, ಕೂಡಲೇ ದಾರಿ ಬದಲಿಸಿದರು. "ಸರಿ, ನಿಮ್ಮದು ಬೇಡ. ಪಕ್ಕದಲ್ಲಿ ಕೂತವರದ್ದು ಹೇಳಿ."

ನನ್ನ ಪಕ್ಕದಲ್ಲಿ ಹುಡುಗಿ ಇದ್ದಳು. ಅವಳೇ ಮೊದಲು ಹೇಳಬೇಕಾಯಿತು. ನೆಲ ನೋಡುತ್ತ, ಎರಡು ದಿನದಲ್ಲಿ ಮೊದಲ ಸಲ ತನ್ನದೇ ಮಾತಿನಲ್ಲಿ ಹೇಳಿದಳು: "ಮೇಡಂ ಹೇಳಿದ ಟೈಮಿಗೆ ಬರ್ತಾರ್ರಿ. ನಾ ಹಾಸ್ಟೆಲಿನಾಗ ಇದ್ದು ಓದಿದಾಕಿ. ಬರ್ತೀನಿ ಅಂದೋರು ಬರದ ಇದ್ದದ್ದು ಭಾಳ ನೋಡೀನ್ರಿ. ಇಲ್ಲೆ ಶಟರ್ ಸಪ್ಪಳ ಆತಂದ್ರ, ಇವತ್ತಿನ ದಿನ ಸರಿ ಇರ್ತೈತಿ ಅಂತ ಅನ್ನಸ್ತೈತ್ರಿ."

ನನ್ನ ಶಿಸ್ತನ್ನು ಜನ ಹೊಗಳಿದ್ದಾರೆ, ಅದರ ಬಗ್ಗೆ ಗೊಣಗಿದ್ದಾರೆ, ನನ್ನನ್ನು ಗಡಿಯಾರ ಎಂದು ಕರೆದಿದ್ದಾರೆ. ಅದು ಇನ್ನೊಬ್ಬರಿಗೆ ಧೈರ್ಯವಾಗಿರಬಹುದು ಎಂದು ಯಾರೂ ಹೇಳಿರಲಿಲ್ಲ. ನಾನು ಸ್ವಲ್ಪ ಹೊತ್ತು ಕನ್ನಡಕ ಒರೆಸಿದೆ. ಡಾಕ್ಟರು ಅದನ್ನು ನೋಡಿದರು.

"ನಿಮ್ಮ ಸರದಿ," ಎಂದರು ಪಾಠದವರು.

"ಇವಳು ಕೇಳ್ತಾಳೆ," ಎಂದೆ.

"ಅಂದ್ರೆ? ಹೇಳಿದ್ದನ್ನ ಕೇಳಿಸ್ಕೊಳ್ತಾರೋ, ಪ್ರಶ್ನೆ ಕೇಳ್ತಾರೋ?"

"ಎರಡೂ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಇವಳು ಎರಡನ್ನೂ ಒಟ್ಟಿಗೆ ಮಾಡ್ತಾಳೆ. ಈ ಎರಡು ದಿನದಿಂದ ಒಂದನ್ನೂ ಮಾಡ್ತಿಲ್ಲ."

"ನನ್ನ ಪ್ಯಾಂಟ್ ಸಾಕ್ಷಿ," ಎಂದ ಸುಂಕದಕಟ್ಟೆಯವನು.

ಹುಡುಗಿ ಈಗ ನಕ್ಕಳು. ನಗು ಮುಗಿಯುವ ಮೊದಲೇ ಕಣ್ಣಲ್ಲಿ ನೀರು ಬಂತು. ಪಾಠದವರು ಮುಂದಿನವರ ಕಡೆ ತಿರುಗಿದರು. ಅವರ ಬಗ್ಗೆ ಇದ್ದ ನನ್ನ ಅಭಿಪ್ರಾಯವನ್ನು ಅಲ್ಲಿಗೆ ತಿದ್ದಿಕೊಂಡೆ. ಕುರ್ಚಿಗಳು ವೃತ್ತವಾಗಿದ್ದದ್ದರಿಂದಲೇ ಡಾಕ್ಟರು ಅವಳ ಮುಖವನ್ನು ನೇರವಾಗಿ ನೋಡಬೇಕಾಯಿತು ಎಂಬುದೂ ಆಮೇಲೆ ಹೊಳೆಯಿತು.

ಗುರುವಾರ ಫೋನುಗಳು ಕಡಿಮೆಯಾದ ಹೊತ್ತಿನಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನನ್ನ ಕೈಯಲ್ಲಿರುವುದು ಕ್ರಮ ಒಂದೇ. ಅದನ್ನೇ ಕೊಟ್ಟೆ. "ಇನ್ನು ಮೇಲೆ ಈ ಲ್ಯಾಬಿನಲ್ಲಿ ಮುಂಜಾನೆ ಇಲ್ಲ. ಬೆಳಿಗ್ಗೆಯೂ ಇಲ್ಲ. ಗಂಟೆ ಮಾತ್ರ. ಏಳು ಅಂದ್ರೆ ಏಳು, ಎಂಟೂವರೆ ಅಂದ್ರೆ ಎಂಟೂವರೆ. ನೀನೊಬ್ಬಳೇ ಅಲ್ಲ, ಫೋನ್ ಮುಟ್ಟುವ ಎಲ್ಲರೂ. ಡಾಕ್ಟ್ರೂ ಕೂಡ."

"ಆತ್ರಿ. ಮತ್ತ, ಅವ್ರು ಎಷ್ಟಕ್ಕ ಏಳ್ತಾರಂತ ನಾ ಕೇಳ್ಲೇನ್ರಿ?" ಎಂದಳು. "ನಾಕಕ್ಕ ಏಳೋರಿಗೆ ಎಂಟೂವರೆ ಕೊಟ್ರ, ಗಂಟೆ ಸರಿ ಇದ್ರೂ ಹಸಿವು ಹಸಿವ ಅಲ್ಲೇನ್ರಿ?"

ಗಂಟೆ ನನ್ನದು, ಪ್ರಶ್ನೆ ಅವಳದ್ದು ಎಂದು ನಾವು ಒಪ್ಪಿಕೊಂಡೆವು. ಆಮೇಲೆ ನಾನು ಇನ್ನೊಂದು ಮಾತು ಹೇಳಿದೆ: "ಬಸವೇಶ್ವರನಗರದ ಆ ಮನೆಗೆ ಫೋನ್ ಮಾಡು."

ಅವಳ ಕೈ ಮಡಿಲಲ್ಲೇ ಉಳಿಯಿತು. "ಬೈತಾರ್ರಿ."

"ಬೈತಾರೆ. ನಾನು ಇಲ್ಲೇ ಕೂತಿರ್ತೀನಿ. ಆದರೆ ನೀನು ನಿನ್ನ ಮಾತಲ್ಲೇ ಆಡಬೇಕು. ಸಾರ್ ಗೀರ್ ಬೇಡ."

ಅವಳು ಸ್ಪೀಕರ್ ಒತ್ತಿದಳು. ನಾನು ಟ್ಯೂಬುಗಳನ್ನು ಮುಂದೆ ಎಳೆದುಕೊಂಡೆ. ಆ ಹೆಂಗಸೇ ಎತ್ತಿದರು. ಹುಡುಗಿ ಲ್ಯಾಬಿನಿಂದ ಎಂದು ಹೇಳಿ ಮುಗಿಸುವ ಮೊದಲೇ, "ನೀನೇನಮ್ಮ ಆ ಮುಂಜಾನೆ ಹುಡುಗಿ?" ಎಂದರು.

"ಹೌದ್ರೀ ಅಮ್ಮಾರ, ನಾನ. ನನ್ನಿಂದ ಅಜ್ಜಾರಿಗೆ ತ್ರಾಸ ಆತು. ಈಗ ಹೆಂಗ ಅದಾರಂತ ಕೇಳಬೇಕಿತ್ತು. ಹೆದರಿ ಮೂರು ದಿನ ಮಾಡಲಿಲ್ರಿ."

ನಾನು ಬೂದು ಮುಚ್ಚಳದ ಟ್ಯೂಬೊಂದನ್ನು ನೇರಳೆಯ ಸಾಲಿನಲ್ಲಿ ಇಟ್ಟೆ. ಅದನ್ನು ಗಮನಿಸಿದ್ದು ಆಮೇಲೆ.

"ಹೆದರೋದು ಯಾಕೆ," ಎಂದರು ಹೆಂಗಸು, ಇನ್ನೂ ಬಿಗಿಯಾಗಿಯೇ. "ಇರು, ಅವರಿಗೇ ಕೊಡ್ತೀನಿ. ಅವತ್ತಿಂದ ಅದೇ ವಿಚಾರ ಕೊರೀತಿದಾರೆ."

ಹಿರಿಯರ ದನಿ ನಿಧಾನವಾಗಿ ಬಂತು. "ಏನಮ್ಮ, ನಿಮ್ಮೂರಲ್ಲಿ ಮುಂಜಾನೆ ಎಷ್ಟು ಗಂಟೆವರೆಗೆ ಇರುತ್ತೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಉತ್ತರ ಹೇಳು ಎಂದು ಕೈ ಮಾಡಿದೆ.

"ಮಧ್ಯಾಹ್ನದ ಊಟದ ತನಕಾನೂ ಇರ್ತೈತ್ರಿ ಅಜ್ಜಾರ."

"ಪುಣ್ಯವಂತರು ಕಣಮ್ಮ. ನಮ್ಮಲ್ಲಿ ಕಾಫಿಗೆ ಮುಂಚೆನೇ ಮುಗಿದುಹೋಗುತ್ತೆ."

ಹಿಂದಿನಿಂದ ಹೆಂಡತಿ, "ಕಾಫಿಗೆ ಸಕ್ಕರೆ ಬೇಡ ಅಂದಿದಾರೆ ಅದನ್ನೂ ಹೇಳಿ," ಎಂದದ್ದು ಕೇಳಿಸಿತು. ಹುಡುಗಿಯ ಭುಜ ಇಳಿಯಿತು. ಎಷ್ಟಕ್ಕೆ ಏಳುತ್ತೀರಿ, ರಾತ್ರಿ ಊಟ ಎಷ್ಟಕ್ಕೆ, ಮಾತ್ರೆ ಯಾವಾಗ ತಗೋತೀರಿ, ಮೆಟ್ಟಿಲು ಇದೆಯೇ, ಎಲ್ಲ ಕೇಳಿದಳು. ಶುಕ್ರವಾರದ ಮೊದಲ ಸಮಯವನ್ನೇ ಅವರಿಗೆ ಕೊಟ್ಟಳು. ಆರು ಗಂಟೆ. ಮುಂಜಾನೆ ಎನ್ನಲಿಲ್ಲ, ಬೆಳಿಗ್ಗೆ ಎನ್ನಲಿಲ್ಲ. ಆ ಮಾತು ಎಷ್ಟು ಹೊತ್ತು ನಡೆಯಿತೆಂದು ನಾನು ಗಡಿಯಾರ ನೋಡಲಿಲ್ಲ.

ಆ ಮಧ್ಯಾಹ್ನ ಅವಳ ಡಬ್ಬಿ ಖಾಲಿಯಾಯಿತು. ಶುಕ್ರವಾರ ಆರಕ್ಕೆ ಸುಂಕದಕಟ್ಟೆಯವನೇ ಹೋದ. ವಾಪಸು ಬಂದು ಹೇಳಿದ: "ಬಾಗಿಲಲ್ಲಿ ಅದೇ ಕುರ್ಚಿ, ಅದೇ ಅಜ್ಜ. ನಾನು ಬೆಲ್ ಮಾಡೋ ಮುಂಚೆ ಕೈ ಚಾಚ್ಬಿಟ್ರು. ರಕ್ತ ತೆಗೆಯೋವರೆಗೂ ನಮ್ ಅಕ್ಕಾರ ಊರಿನ ವಿಚಾರವೇ. ನನ್ ಊರು ಯಾವುದು ಅಂತ ಒಂದು ಮಾತು ಕೇಳ್ಲಿಲ್ಲ."

"ನಿಮ್ಮೂರು ಸುಂಕದಕಟ್ಟಿ ಅಂತ ನಾನ ಹೇಳೀನ್ರಿ," ಎಂದಳು ಹುಡುಗಿ. "ಅದಕ್ಕ ಕೇಳಿಲ್ಲ."

ಶನಿವಾರ ಬಂತು. ನಾನು ಹೇಳಬೇಕಾದದ್ದನ್ನು ಬರುವ ದಾರಿಯಲ್ಲೇ ಮನಸ್ಸಿನಲ್ಲಿ ಒಂದೊಂದಾಗಿ ಜೋಡಿಸಿಕೊಂಡಿದ್ದೆ. ಡಾಕ್ಟರು ಒಳಗೆ ಬಂದಾಗ ಹುಡುಗಿ ಕುಡಿಯುವ ನೀರು ತುಂಬಿಕೊಳ್ಳಲು ಹಿಂದೆ ಹೋಗಿದ್ದಳು. ಫೋನ್ ಹೊಡೆಯಿತು. ಹತ್ತಿರದಲ್ಲಿದ್ದದ್ದರಿಂದ ಅವರೇ ಎತ್ತಿಕೊಂಡರು. ಕಿವಿ ಮಂದವಾದವರು ಜೋರಾಗಿ ಮಾತಾಡುತ್ತಾರಲ್ಲ, ಹಾಗಾಗಿ ಆ ಕಡೆಯ ಅಪರಿಚಿತ ಅಜ್ಜನ ಮಾತು ನನಗೂ ಕೇಳಿಸಿತು.

"ಸ್ವಾಮಿ, ಆ ಮುಂಜಾನೆ ಹುಡುಗಿಗೆ ಕೊಡಿ."

"ನಾನು ಡಾಕ್ಟರ್ ಮಾತಾಡ್ತಿರೋದು. ಏನಾಗ್ಬೇಕು ಹೇಳಿ."

"ಡಾಕ್ಟರ್ ಇರಬಹುದು. ನನಗೆ ಅವಳು ಬೇಕು. ಪಕ್ಕದ ಮನೆಯವರು, ಅವತ್ತು ನಾಲ್ಕೂವರೆಯಿಂದ ಕಾದು ಕೂತಿದ್ರಲ್ಲ ಅವರು, ನಂಬರ್ ಕೊಟ್ಟಿದ್ದಾರೆ. ನನಗೆ ಕಿವಿ ಸ್ವಲ್ಪ ಮಂದ. ಅವಳು ಬೇಜಾರಿಲ್ಲದೆ ಎರಡು ಸಲ ಹೇಳ್ತಾಳಂತೆ."

ಹುಡುಗಿ ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು ರಿಸೀವರನ್ನು ಅವಳ ಕಡೆ ಚಾಚಿದರು, ಅವಳು ಸೋಮವಾರ ನನ್ನ ಕಡೆ ಚಾಚಿದ ಹಾಗೆಯೇ. ಅವಳು ಬಾಟಲಿ ಕೆಳಗಿಟ್ಟು ಕೂತಳು. "ಹೇಳ್ರೀ ಅಜ್ಜಾರ. ನೀವು ಎಷ್ಟಕ್ಕ ಏಳ್ತೀರಿ?"

ಡಾಕ್ಟರು ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು, "ಸಿಸ್ಟರ್, ಇವತ್ತು ನೀವೇನೋ ಹೇಳ್ಬೇಕಿತ್ತು," ಎಂದರು.

"ಒಳಗೆ ಚೀಟಿ ಅಂಟಿಸೋಕೆ ಇಬ್ಬರು ಸಾಕು ಡಾಕ್ಟ್ರೇ. ಅಷ್ಟೇ."

"ಸರಿ. ಮುಂದಿನ ತಿಂಗಳಿಂದ ಅವಳನ್ನ ಕಾಯಂ ಮಾಡೋಣ," ಎಂದು ಅವರು ತಮ್ಮ ಕೋಣೆಗೆ ಹೋದರು. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಬೈಗುಳ ನಿಂತಿಲ್ಲ. ಹಸಿದವರು ಇನ್ನೂ ಹಸಿದೇ ಫೋನ್ ಮಾಡುತ್ತಾರೆ, ಮಾಗಡಿ ರಸ್ತೆಯಲ್ಲಿ ಗಾಡಿಗಳು ಇನ್ನೂ ಸಿಕ್ಕಿಕೊಳ್ಳುತ್ತವೆ. ಹುಡುಗಿ ಒಮ್ಮೊಮ್ಮೆ ಫೋನಿಟ್ಟು ಕಣ್ಣು ಮುಚ್ಚಿ ಕೂರುತ್ತಾಳೆ. ಆಗ ನಾನು ಒಂದು ಸ್ಟ್ಯಾಂಡ್ ಟ್ಯೂಬುಗಳನ್ನು ಅವಳ ಮುಂದೆ ತಳ್ಳುತ್ತೇನೆ. ಅವಳು ಮೂರು ಬಣ್ಣ ಬೇರೆ ಮಾಡುತ್ತಾಳೆ. ಸಾಲು ಸೊಟ್ಟಗಿರುತ್ತದೆ. ನಾನು ಸರಿಪಡಿಸಲು ಹೋಗುವುದಿಲ್ಲ.

ಈಗ ಅವಳೂ ನಾನು ಬರುವ ಹೊತ್ತಿಗೇ ಬಂದು ಶಟರಿನ ಮುಂದೆ ನಿಂತಿರುತ್ತಾಳೆ. ಒಳಗೆ ಫೋನ್ ಹೊಡೆದುಕೊಳ್ಳುತ್ತಿರುತ್ತದೆ. ನಾನು ಎಡಗಡೆಯ ಜೇಬಿಗೆ ಕೈ ಹಾಕುವಾಗ, "ನಾಷ್ಟಾ ಆತೇನ್ರಿ ಮೇಡಂ?" ಎಂದು ಕೇಳುತ್ತಾಳೆ. ನನ್ನ ತಿಂಡಿ ದಿನವೂ ಒಂದೇ ಹೊತ್ತಿಗೆ ಆಗುತ್ತದೆ ಎಂದು ಅವಳಿಗೆ ಗೊತ್ತು. ಆದರೂ ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಏನು ಮಾಡಿದ್ದಿರಿ ಎನ್ನುತ್ತಾಳೆ. ಉಪ್ಪಿಟ್ಟು ಎನ್ನುತ್ತೇನೆ. ಆಮೇಲೆ ಇಬ್ಬರೂ ಬಾಗಿ ಶಟರ್ ಎತ್ತುತ್ತೇವೆ.